ವಿಂಗಡಿಸುವ ಮುನ್ನ

ಮನೆಯ ಹಿರಿಯರು ತೀರಿಕೊಂಡು ಕರ್ಮಾಂತರಗಳೆಲ್ಲ ಮುಗಿದ ಮೇಲೆ ಅವರ ಟ್ರಂಕು ತೆಗೆಯುವ ದಿನ ಬರುತ್ತದೆ. ಕ್ರಯಪತ್ರ, ಕಂದಾಯದ ರಸೀದಿ, ಹಳೇ ಪಂಚಾಂಗ, ಮಡಿಸಿಟ್ಟ ಶಲ್ಯ, ಇವೆಲ್ಲದರ ಅಡಿಯಲ್ಲಿ ಒಂದು ಬಟ್ಟೆಗಂಟೋ ತಗಡಿನ ಡಬ್ಬಿಯೋ ಸಿಗುವುದುಂಟು. ಬಿಚ್ಚಿದರೆ ಒಳಗೆ ಬೆರಕೆ ನಾಣ್ಯಗಳು: ತಾಳೆಮರದ ಚಿತ್ರವಿರುವ ಸಿಲೋನಿನ ಸೆಂಟು, ನಡುವೆ ತೂತಿರುವ ಪೂರ್ವ ಆಫ್ರಿಕಾದ ಹತ್ತು ಸೆಂಟು, ರಾಣಿಯ ತಲೆಯ ಪೆನ್ನಿ, ಹಾಯಿಹಡಗಿನ ಕುವೈತ್ ಫಿಲ್ಸ್, ಜೊತೆಗೆ ಒಂದೆರಡು ನಮ್ಮದೇ ಬಿಲ್ಲೆಗಳು. ಹಿರಿಯೂರು ತಾಲ್ಲೂಕಿನ ಧರ್ಮಪುರದಂಥ ಊರಿನಲ್ಲಿ, ಸಮುದ್ರದಿಂದ ಬಲು ದೂರದ ಒಣಸೀಮೆಯಲ್ಲಿ, ಇಂಥ ಗಂಟು ಸಿಕ್ಕರೆ ಮನೆಮಂದಿಗೆ ಬೆರಗು ಸಹಜ. ಆ ಬೆರಗಿನಲ್ಲೇ ಎಲ್ಲರೂ ಮಾಡುವ ಕೆಲಸವೆಂದರೆ ಗಂಟನ್ನು ಮೊರಕ್ಕೆ ಸುರಿದು ದೇಶವಾರು ವಿಂಗಡಿಸುವುದು. ಇಂಗ್ಲೆಂಡಿನದು ಒಂದು ಕಡೆ, ಅರಬ್ ದೇಶದ್ದು ಇನ್ನೊಂದು ಕಡೆ, ಗುರುತು ಹತ್ತದ್ದು ಮತ್ತೊಂದು ಕಡೆ. ಬೆಳ್ಳಿ ಎನಿಸಿದ್ದು ಅಕ್ಕಸಾಲಿಗರ ಅಂಗಡಿಗೆ, ಉಳಿದದ್ದು ಮಕ್ಕಳ ಕೈಗೆ. ಹೀಗೆ ವಿಂಗಡಿಸಿದ ಗಳಿಗೆಯಲ್ಲೇ ಆ ಗಂಟು ಹೇಳಬಹುದಾಗಿದ್ದ ಮಾತುಗಳಲ್ಲಿ ಹೆಚ್ಚಿನವು ಅಳಿಸಿಹೋಗುತ್ತವೆ ಎಂಬುದು ನನ್ನ ವಾದ. ಒಂದು ನಾಣ್ಯ ತಾನು ಯಾವ ಟಂಕಸಾಲೆಯದು ಎಂದು ಮಾತ್ರ ಹೇಳಬಲ್ಲದು. ಅದು ಈ ಊರಿಗೆ ಯಾಕೆ ಬಂತು, ಯಾವಾಗ ಬಂತು, ಬಂದಮೇಲೆ ಯಾಕೆ ಉಳಿಯಿತು ಎಂಬುದನ್ನು ಹೇಳುವುದು ಅದರ ಪಕ್ಕದಲ್ಲಿದ್ದ ನಾಣ್ಯಗಳು, ಸುತ್ತಿದ ಬಟ್ಟೆ, ಸವೆತ, ತೂತು. ಇದಕ್ಕೆ ಪುರಾವೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಚಿತ್ರದುರ್ಗ ಜಿಲ್ಲೆಯ ನೆಲವೇ ಅದನ್ನು ಕೊಟ್ಟಿದೆ.

ದುರ್ಗದ ಕೋಟೆಬೆಟ್ಟ, ಕಿರುಬನಕಲ್ಲು, ಚೋಳಗುಡ್ಡಗಳ ನಡುವಿನ ಕಣಿವೆಯಲ್ಲಿರುವ ಚಂದ್ರವಳ್ಳಿಯನ್ನು ಇಂದು ಜನ ಕೆರೆಗಾಗಿ, ಅಂಕಲಿ ಮಠದ ಗುಹೆಗಳಿಗಾಗಿ ನೋಡಲು ಹೋಗುತ್ತಾರೆ. ಇತಿಹಾಸದವರಿಗೆ ಅದು ನಾಣ್ಯಗಳ ಊರು. 19ನೇ ಶತಮಾನದ ಕೊನೆಯ ಹೊತ್ತಿಗೇ ಅಲ್ಲಿ ಸೀಸದ ನಾಣ್ಯಗಳು ಸಿಗತೊಡಗಿದ್ದವು. ಮುಂದೆ 1929ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು ಅಲ್ಲಿ ವ್ಯವಸ್ಥಿತವಾಗಿ ಅಗೆದರು. 1947ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಮಾರ್ಟಿಮರ್ ವೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಜೊತೆಗೆ ಚಂದ್ರವಳ್ಳಿಯಲ್ಲೂ ಉತ್ಖನನ ನಡೆಸಿದರು. ಅಲ್ಲಿ ಸಿಕ್ಕ ನಾಣ್ಯಗಳ ಬೆರಕೆ ನೋಡಿ: ಗೂಳಿಯ ಗುರುತಿರುವ, ಮಹಾರಠಿ ಸದಕಣ ಕಳಲಾಯನ ಹೆಸರಿರುವ ಸೀಸದ ನಾಣ್ಯಗಳು, ಶಾತವಾಹನ ಅರಸರ ನಾಣ್ಯಗಳು, ರೋಮಿನ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ದಿನಾರಿಯಸ್‌ಗಳು, ಇವುಗಳ ಸಾಲಿನಲ್ಲಿ ಹೆಸರಾದ ಒಂದು ಚೀನಾ ನಾಣ್ಯ. ಸ್ಥಳೀಯ ಒಡೆಯನದು, ದಖ್ಖನಿನ ಅರಸನದು, ಕಡಲಾಚೆಯ ಎರಡು ಸಾಮ್ರಾಜ್ಯಗಳದು, ಎಲ್ಲವೂ ಒಂದೇ ಕಣಿವೆಯಲ್ಲಿ. ಟ್ರಂಕಿನ ಗಂಟಿಗೂ ಇದಕ್ಕೂ ಇರುವ ವ್ಯತ್ಯಾಸ ಎರಡು ಸಾವಿರ ವರ್ಷಗಳದ್ದು ಅಷ್ಟೆ. ಈ ಬೆರಕೆಯಲ್ಲಿ ಎರಡು ವಿದೇಶಿ ನಾಣ್ಯಗಳಿಗೆ ಒದಗಿದ ಬೇರೆಬೇರೆ ಗತಿಯನ್ನು ಗಮನಿಸಿದರೆ ನನ್ನ ವಾದದ ಅರ್ಧ ಭಾಗ ತಾನಾಗಿ ಸ್ಪಷ್ಟವಾಗುತ್ತದೆ.

ಮೊದಲು ರೋಮಿನ ನಾಣ್ಯ. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಅವನ ದಿನಾರಿಯಸ್‌ಗಳಲ್ಲಿ ನಮ್ಮ ಕಡೆ ಹೆಚ್ಚಾಗಿ ಸಿಗುವ ಬಗೆಯೊಂದಿದೆ. ಒಂದು ಮುಖದಲ್ಲಿ ಎಲೆಯ ಮಾಲೆ ತೊಟ್ಟ, ಬಲಕ್ಕೆ ತಿರುಗಿದ ಚಕ್ರವರ್ತಿಯ ತಲೆ. ಇನ್ನೊಂದು ಮುಖದಲ್ಲಿ ಪೀಠದ ಮೇಲೆ ಕೂತ ಹೆಂಗಸು, ಒಂದು ಕೈಯಲ್ಲಿ ದಂಡ, ಇನ್ನೊಂದರಲ್ಲಿ ಟೊಂಗೆ. ಅಂಚಿನಲ್ಲಿ ‘ಪೊಂಟಿಫ್ ಮ್ಯಾಕ್ಸಿಮ್’ ಎಂಬ ಬಿರುದು. ತೂಕ ನಾಲ್ಕು ಗ್ರಾಮಿಗೆ ತುಸು ಕಡಿಮೆ, ಬೆಳ್ಳಿ ಹೆಚ್ಚುಕಡಿಮೆ ಅಪ್ಪಟ. ಇಂಥ ನಾಣ್ಯ ಯಾವ ದೊಡ್ಡ ವಸ್ತುಸಂಗ್ರಹಾಲಯದಲ್ಲೂ ಇದೆ, ಅಷ್ಟಕ್ಕೇ ಅದು ಅಪರೂಪದ್ದಲ್ಲ. ಚಂದ್ರವಳ್ಳಿಯಲ್ಲಿ ಅದಕ್ಕೆ ಬೆಲೆ ಬಂದದ್ದು ಅದರ ಸಂಗಡವಿದ್ದವುಗಳಿಂದ. ಶಾತವಾಹನ ನಾಣ್ಯಗಳು, ಬಿಳಿ ಗೆರೆಯ ಚಿತ್ತಾರದ ಕೆಂಬಣ್ಣದ ಮಡಕೆ ಚೂರುಗಳು, ಪಾಂಡಿಚೇರಿ ಹತ್ತಿರದ ಅರಿಕಮೇಡಿನಲ್ಲಿ ಸಿಕ್ಕಂಥದೇ ಉರುಳುಗೆರೆಯ ತಟ್ಟೆಗಳ ತುಣುಕು, ಇವು ಸೇರಿದ್ದ ಪದರಗಳಿಗೆ ರೋಮಿನ ನಾಣ್ಯ ಒಂದು ಕಾಲ ಕೊಟ್ಟಿತು. ಆ ಪದರಗಳ ಮಡಕೆಯೇ ಬ್ರಹ್ಮಗಿರಿಯಲ್ಲೂ ಸಿಕ್ಕಿದ್ದರಿಂದ ಅಲ್ಲಿಗೂ ಕಾಲ ಸಿಕ್ಕಿತು. ಅಲ್ಲಿಂದ ಕೆಳಕ್ಕೆ, ಬೃಹತ್ ಶಿಲಾ ಗೋರಿಗಳ ಜನರಿಗೆ, ಇನ್ನೂ ಕೆಳಗೆ ಕಲ್ಲುಕೊಡಲಿಯ ಜನರಿಗೆ. ಲಿಖಿತ ದಾಖಲೆಯೇ ಇಲ್ಲದ ದಕ್ಷಿಣದ ಜನಜೀವನಕ್ಕೆ ವರ್ಷಗಳ ಲೆಕ್ಕ ಹಾಕಲು ವೀಲರ್‌ಗೆ ಹಿಡಿಯಾಗಿ ಒದಗಿದವುಗಳಲ್ಲಿ ಈ ಪುಟ್ಟ ಬೆಳ್ಳಿಬಿಲ್ಲೆಯೂ ಒಂದು.

ಈಗ ಚೀನಾ ನಾಣ್ಯ. ಅದನ್ನು ಹಾನ್ ವಂಶದ ವೂ ಚಕ್ರವರ್ತಿಯ ಕಾಲದ್ದೆಂದು, ಕ್ರಿ.ಪೂ. 2ನೇ ಶತಮಾನದ್ದೆಂದು ಗುರುತಿಸಿದರು. ಕನ್ನಡನಾಡಿಗೂ ಚೀನಾಕ್ಕೂ ಅಷ್ಟು ಹಿಂದೆಯೇ ಸಂಪರ್ಕವಿತ್ತು ಎಂಬುದಕ್ಕೆ ಅದು ಪುಸ್ತಕದಿಂದ ಪುಸ್ತಕಕ್ಕೆ ಸಾಕ್ಷಿಯಾಗಿ ನಡೆದುಬಂತು. ಈ ಸಾಕ್ಷಿ ಎಷ್ಟು ಭಾರ ಹೊರಬಲ್ಲದು? ಚೀನಾದ ನಾಣ್ಯಪದ್ಧತಿ ಬಲ್ಲವರಿಗೆ ಗೊತ್ತು, ವೂ ಚಕ್ರವರ್ತಿ ಕ್ರಿ.ಪೂ. 118ರಲ್ಲಿ ಜಾರಿಗೆ ತಂದ ‘ವೂ ಜು’ ಎಂಬ ಚೌಕತೂತಿನ ನಾಣ್ಯಪದ್ಧತಿ ಏಳು ಶತಮಾನಕ್ಕೂ ಮೀರಿ, ಕ್ರಿ.ಶ. 621ರಲ್ಲಿ ಟಾಂಗ್ ಅರಸರು ಹೊಸ ನಾಣ್ಯ ತರುವವರೆಗೆ ಬಾಳಿತು. ಅಲ್ಲಿ ಹಳೆಯ ನಾಣ್ಯ ಹೊಸದರ ಜೊತೆಗೆ ಒಂದೇ ಸರದಲ್ಲಿ ಪೋಣಿಸಿಕೊಂಡು ಚಲಾವಣೆಯಾಗುತ್ತಿತ್ತು. ಆದ್ದರಿಂದ ಎರಕ ಹೊಯ್ದ ಕಾಲಕ್ಕೂ ಚಂದ್ರವಳ್ಳಿ ಸೇರಿದ ಕಾಲಕ್ಕೂ ನಡುವೆ ನೂರು ವರ್ಷವಿರಬಹುದು, ಸಾವಿರ ವರ್ಷವೂ ಇರಬಹುದು. ಬಿಡಿಯಾಗಿ ನಿಂತ ಒಂದೇ ನಾಣ್ಯ ಇದನ್ನು ತೀರ್ಮಾನಿಸಲಾರದು. ಅದರ ಜೊತೆಗಾರರು ಇದ್ದಿದ್ದರೆ, ಅದನ್ನು ಮುಚ್ಚಿದ್ದ ಮಣ್ಣು ಮಾತಾಡುವಂತಿದ್ದರೆ, ಅದೇ ನಾಣ್ಯ ಸಾಗರಗಳ ನಡುವಿನ ಒಂದು ದೊಡ್ಡ ಕಥೆಯ ಕೊಂಡಿಯಾಗಬಹುದಿತ್ತು. ಒಂದೇ ಕಣಿವೆ, ಎರಡೂ ಪರದೇಶದವೇ. ಒಂದು ಕಾಲಮಾಪಕವಾಯಿತು, ಇನ್ನೊಂದು ಕುತೂಹಲವಾಗಿಯೇ ಉಳಿಯಿತು.

ಇಲ್ಲಿ ಬಲ್ಲವರೊಬ್ಬರು ತಡೆದು ಕೇಳಬಹುದು: ವೀಲರ್ ಹಾಕಿದ ಕಾಲದ ಲೆಕ್ಕವೇ ತಪ್ಪಾಯಿತಲ್ಲ? ಮಾತು ನಿಜ. ಅವರು ಬೃಹತ್ ಶಿಲಾ ಸಂಸ್ಕೃತಿಯನ್ನು ಕ್ರಿ.ಪೂ. 200ರ ಆಚೀಚೆ ಶುರುಮಾಡಿದ್ದರು. ಮುಂದೆ ಇಂಗಾಲದ ಕಾಲಗಣನೆ ಅದನ್ನು ಕ್ರಿ.ಪೂ. 1000ಕ್ಕೂ ಹಿಂದಕ್ಕೆ, ಕಲ್ಲುಕೊಡಲಿಯ ಜನರನ್ನು ಕ್ರಿ.ಪೂ. 3ನೇ ಸಹಸ್ರಮಾನಕ್ಕೆ ತಳ್ಳಿತು. ಅರಿಕಮೇಡು ರೋಮನ್ನರೇ ನೆಲೆಗೊಳಿಸಿದ ಕೋಠಿ ಎಂಬ ಅವರ ಎಣಿಕೆಯನ್ನು 1983ರಲ್ಲಿ ವಿಮಲಾ ಬೆಗ್ಲೆ ಅವರು ಪ್ರಶ್ನಿಸಿದರು. ಉರುಳುಗೆರೆಯ ತಟ್ಟೆಗಳು ರೋಮಿನ ವ್ಯಾಪಾರಕ್ಕಿಂತ ಮುಂಚಿನವು ಎಂದು ತೋರಿಸಿದರು. ಹಾಗಾದರೆ ಪದರ, ಸಂಗಡ, ಸನ್ನಿವೇಶ ಎಂದೆಲ್ಲ ಹೇಳಿ ಫಲವೇನು? ನನಗೆ ಈ ಆಕ್ಷೇಪವೇ ವಾದದ ಬೆನ್ನೆಲುಬು ಎನಿಸುತ್ತದೆ. ವೀಲರ್ ಯಾವ ಚೂರು ಯಾವ ಪದರದಲ್ಲಿ ಯಾವುದರ ಪಕ್ಕ ಇತ್ತೆಂದು ಬರೆದಿಟ್ಟಿದ್ದರಿಂದಲೇ ಮುಂದಿನವರು ಅವರನ್ನು ತಿದ್ದಲು ಸಾಧ್ಯವಾಯಿತು. ಅವರ ತೀರ್ಮಾನ ಬಿದ್ದರೂ ಅವರ ದಾಖಲೆ ನಿಂತಿತು. ಚೀನಾ ನಾಣ್ಯದ ವಿಷಯದಲ್ಲಿ ತಿದ್ದುವುದಕ್ಕೂ ಏನಿಲ್ಲ. ಅದನ್ನು ನಂಬುವವರು ನಂಬಬಹುದು, ಬಿಡುವವರು ಬಿಡಬಹುದು. ಯಾರೂ ಯಾರನ್ನೂ ಒಪ್ಪಿಸಲಾರರು. ಸನ್ನಿವೇಶ ಕಳೆದುಕೊಂಡ ವಸ್ತುವಿನ ದೊಡ್ಡ ನಷ್ಟ ಇದು: ಅದರ ಬಗ್ಗೆ ಆಡಿದ ಮಾತು ಸುಳ್ಳೆಂದು ಸಾಬೀತಾಗುವ ಯೋಗ್ಯತೆಯನ್ನೂ ಕಳೆದುಕೊಳ್ಳುತ್ತದೆ.

ಗಂಟಿನ ಒಟ್ಟಂದ ಎಷ್ಟು ಹೇಳಬಲ್ಲದು ಎಂಬುದಕ್ಕೆ ಕರ್ನಾಟಕದ ರೋಮನ್ ನಿಧಿಗಳನ್ನೂ ನೋಡಬೇಕು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ದಿನಾರಿಯಸ್‌ಗಳು ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಜಾಗದಲ್ಲಿ 256. ಬಿಡಿಬಿಡಿಯಾಗಿ ನೋಡಿದರೆ ಇವು ಆಗಸ್ಟಸ್, ಟೈಬೀರಿಯಸ್ ಮತ್ತಿತರರ ನಾಣ್ಯಗಳು, ಅಷ್ಟೆ. ಭಾರತದ ಇಂಥ ಬೆಳ್ಳಿನಿಧಿಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಒಂದು ವಿಚಿತ್ರ ಕಾಣುತ್ತದೆ. ರೋಮಿನಲ್ಲಿ ನೂರಾರು ಬಗೆಯ ದಿನಾರಿಯಸ್ ಚಲಾವಣೆಯಲ್ಲಿದ್ದರೂ ಇಲ್ಲಿಗೆ ಬಂದವುಗಳಲ್ಲಿ ಎರಡೇ ಬಗೆಯದು ದರ್ಬಾರು: ಆಗಸ್ಟಸ್ ತನ್ನ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್‌ರನ್ನು ಗುರಾಣಿ ಈಟಿಗಳೊಂದಿಗೆ ನಿಲ್ಲಿಸಿ ಮುದ್ರಿಸಿದ್ದು, ಇನ್ನು ಮೇಲೆ ಹೇಳಿದ ಟೈಬೀರಿಯಸ್‌ನದು. ಕ್ರಿ.ಶ. 64ರಲ್ಲಿ ನೀರೋ ದಿನಾರಿಯಸ್‌ನ ತೂಕವನ್ನೂ ಬೆಳ್ಳಿಯ ಪ್ರಮಾಣವನ್ನೂ ಇಳಿಸಿದ. ಆಮೇಲಿನ ಬೆರಕೆ ಬೆಳ್ಳಿ ಇಲ್ಲಿನ ನಿಧಿಗಳಲ್ಲಿ ಬಲು ಅಪರೂಪ. ಅಂದರೆ ಯಾರೋ ಆರಿಸುತ್ತಿದ್ದರು. ಹಡಗು ಹತ್ತಿಸುವ ವರ್ತಕ ಆರಿಸಿರಬಹುದು, ಇಲ್ಲಿನ ಒರೆಗಲ್ಲಿನವನು ಆರಿಸಿರಬಹುದು, ಇಬ್ಬರೂ ಆರಿಸಿರಬಹುದು. ತಮಿಳುನಾಡಿನ ಪುದುಕ್ಕೋಟೆಯಲ್ಲಿ 1898ರಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನ ಮೇಲೆ ಚಕ್ರವರ್ತಿಯ ಮುಖವನ್ನೇ ಸೀಳುವಂತೆ ಉಳಿ ಹೊಡೆದ ಗಾಯವಿದೆ. ಇದು ಒಳಗಿನ ಲೋಹ ನೋಡಲು ಹೊಡೆದ ಏಟೋ, ಸವೆದದ್ದನ್ನು ಚಲಾವಣೆಯಿಂದ ತೆಗೆಯಲು ಹಾಕಿದ ಗುರುತೋ ಎಂಬ ಚರ್ಚೆ ಇದೆ. ಏನೇ ಇರಲಿ, ಚಕ್ರವರ್ತಿಯ ಮೋರೆಗೆ ಇಲ್ಲಿ ಅಧಿಕಾರವಿರಲಿಲ್ಲ, ಅಧಿಕಾರವಿದ್ದದ್ದು ತಕ್ಕಡಿಗೆ. ಇಷ್ಟು ದೊಡ್ಡ ಮಾತು ಒಂದು ನಾಣ್ಯದಿಂದ ಹೊರಡುವುದಿಲ್ಲ, ರಾಶಿಯಿಂದ ಮಾತ್ರ ಹೊರಡುತ್ತದೆ.

ಪರದೇಶದ ನಾಣ್ಯ ಸಿಕ್ಕಲ್ಲೆಲ್ಲ ಪರದೇಶದವರು ಬಂದಿದ್ದರು ಎಂದು ತಿಳಿಯುವ ಚಾಳಿಗೂ ಇದೇ ಉತ್ತರ. ಚಂದ್ರವಳ್ಳಿಗೆ ರೋಮನ್ನನೊಬ್ಬ ಕಾಲಿಟ್ಟಿರಬೇಕಾದ್ದೇನಿಲ್ಲ. ಬೆಳ್ಳಿ ಕೈಯಿಂದ ಕೈಗೆ ನಡೆದುಬರುತ್ತದೆ. ತಿರುಗಿಸಿ ನೋಡಿದರೆ, ತೀರ ‘ನಮ್ಮದು’ ಎನಿಸುವ ಕಳಲಾಯನ ಸೀಸದ ನಾಣ್ಯದಲ್ಲೂ ಪರದೇಶ ಇರಬಹುದು. 1ನೇ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ‘ಪೆರಿಪ್ಲಸ್’ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಗೆ ಬಂದಿಳಿಯುತ್ತಿದ್ದ ಸರಕುಗಳಲ್ಲಿ ತಾಮ್ರ, ತವರ, ಸೀಸ ಮೂರನ್ನೂ ಹೇಳುತ್ತದೆ. ಮುದ್ರೆ ಊರಿನ ಒಡೆಯನದು, ಲೋಹ ಕಡಲಾಚೆಯದು ಎಂಬ ಸಾಧ್ಯತೆ ತೆರೆದೇ ಇದೆ. ಹೀಗಿರುವಾಗ ಮುಖಚಿತ್ರ ನೋಡಿ ಸ್ವದೇಶಿ, ವಿದೇಶಿ ಎಂದು ಎರಡು ರಾಶಿ ಮಾಡುವುದು ಮೇಲುಮೇಲಿನ ಕೆಲಸ.

ಧರ್ಮಪುರದ ಸೀಮೆಯಲ್ಲಂತೂ ‘ವಿದೇಶ’ ಎಂಬ ಮಾತಿನ ಗಡಿ ಮತ್ತೆ ಮತ್ತೆ ಸರಿದಿದೆ. ಈ ಹೋಬಳಿಗೆ ಆಂಧ್ರ ಮಗ್ಗುಲಲ್ಲೇ ಇದೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಇಂದಿನ ಹೇಮಾವತಿ, ಈಗ ಆಂಧ್ರದಲ್ಲಿದೆ. ನೊಳಂಬವಾಡಿಯ ಕಾಲಕ್ಕೆ ಅದು ಈ ಸೀಮೆಯ ನಡುಮನೆ. ದುರ್ಗದ ನಾಯಕರ ಆಳ್ವಿಕೆಯಲ್ಲಿ ‘ದುರ್ಗಿ ವರಹ’ ಹುಟ್ಟಿತು. ಅದರ ಜೊತೆಗೆ ಇಕ್ಕೇರಿ ವರಹ, ಕಂಠೀರವ ಹಣ, ಆಮೇಲೆ ಹೈದರನ ಬಹದ್ದೂರಿ ವರಹ, ಟಿಪ್ಪುವಿನ ಸುಲ್ತಾನಿ ನಾಣ್ಯ ಎಲ್ಲವೂ ಪೇಟೆಯಲ್ಲಿ ಓಡಾಡಿದವು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂಥ ಬಗೆಬಗೆಯ ನಾಣ್ಯಗಳನ್ನು ದಾಖಲಿಸಿದ್ದಾನೆ. ಪ್ರತಿಯೊಂದಕ್ಕೂ ಬಟ್ಟ ಬೇರೆ, ಬೆಲೆ ಬೇರೆ. ಚಿನಿವಾರನಿಲ್ಲದೆ ವ್ಯವಹಾರ ಸಾಗುತ್ತಿರಲಿಲ್ಲ. ಆಗ ಒಂದು ಗಂಟಿನಲ್ಲಿ ಆರು ಬಗೆಯ ನಾಣ್ಯವಿದ್ದರೆ ಅದು ಸಂಗ್ರಹವಲ್ಲ, ನಿತ್ಯದ ಕಾಸು. ಮುಮ್ಮಡಿ ಕೃಷ್ಣರಾಜ ಒಡೆಯರ ‘ಮಯಿಲಿ ಕಾಸು’ ಟಂಕಿಸುವುದು 1843ಕ್ಕೆ ನಿಂತು ಮೈಸೂರು ಸಂಸ್ಥಾನವೂ ಕಂಪನಿಯ ರೂಪಾಯಿಯ ಕೆಳಗೆ ಬಂದ ಮೇಲೆ ಈ ಬೆರಕೆ ಕರಗುತ್ತ ಹೋಯಿತು. ಹಾಗೆ ಕರಗಿದ ಮೇಲೂ ರಾಯಚೂರು, ಕೊಪ್ಪಳದ ಕಡೆಯ ವ್ಯಾಪಾರದವರಿಗೆ ನಿಜಾಮನ ಹಾಲಿ ಸಿಕ್ಕ ಎದುರಾಗುತ್ತಿತ್ತು. ಅದರ ಏಳು ರೂಪಾಯಿಗೆ ಬ್ರಿಟಿಷ್ ಸರ್ಕಾರದ ಆರು ರೂಪಾಯಿ ಸಮ. ಇಂದು ಕಲ್ಯಾಣ ಕರ್ನಾಟಕದ ಆ ನಾಣ್ಯ ಟ್ರಂಕಿನಲ್ಲಿ ಸಿಕ್ಕರೆ ಅಕ್ಷರ ಓದಲಾಗದ ಮೊಮ್ಮಕ್ಕಳು ಅದನ್ನು ಅರಬ್ ದೇಶದ ರಾಶಿಗೆ ಹಾಕುವುದು ಎಷ್ಟು ಸುಲಭ!

ಅತ್ತ ಅರಬ್ ಸೀಮೆಯಲ್ಲಿ ಕತೆ ತಿರುವುಮುರುವು. ಕುವೈತ್‌ನಲ್ಲಿ 1961ರವರೆಗೆ, ಒಮಾನ್‌ನಲ್ಲಿ 1970ರವರೆಗೆ ನಡೆಯುತ್ತಿದ್ದದ್ದು ರೂಪಾಯಿಯೇ. ಚಿನ್ನದ ಕಳ್ಳಸಾಗಣೆಗೆ ತಡೆಹಾಕಲು 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಕೊಲ್ಲಿ ದೇಶಗಳಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಅಚ್ಚು ಹಾಕಿಸಿತು. ಪೂರ್ವ ಆಫ್ರಿಕಾದಲ್ಲೂ 1920ರ ತನಕ ರೂಪಾಯಿಯ ಲೆಕ್ಕವೇ. ಹೀಗಾಗಿ 1955ರಲ್ಲಿ ಕುವೈತ್‌ಗೆ ಹೋಗಿ ದುಡಿದು ಬಂದವನ ಗಂಟಿನಲ್ಲಿ ಪರದೇಶದ ಒಂದು ನಾಣ್ಯವೂ ಇಲ್ಲದಿರಬಹುದು. 1975ರಲ್ಲಿ ಹೋದವನ ಗಂಟಿನಲ್ಲಿ ಹಾಯಿಹಡಗಿನ ಫಿಲ್ಸ್‌ಗಳೇ ತುಂಬಿರಬಹುದು. ಇಬ್ಬರ ಪಯಣ ಒಂದೇ, ದುಡಿಮೆ ಒಂದೇ. ದೇಶವಾರು ವಿಂಗಡಣೆ ಎರಡನೆಯವನನ್ನು ಮಾತ್ರ ಕಾಣಿಸುತ್ತದೆ. ಮೊದಲನೆಯವನು ಕಾಣಬೇಕಾದರೆ ಪಕ್ಕದಲ್ಲಿದ್ದ ಚೀಟಿ, ಕಾಗದ, ಬಟ್ಟೆಯ ತುಂಡು, ಮನೆಯವರ ನೆನಪು ಎಲ್ಲವನ್ನೂ ಒಟ್ಟಿಗೆ ಓದಬೇಕು.

ಇದಕ್ಕೆ ಬರುವ ಮುಖ್ಯ ಆಕ್ಷೇಪವನ್ನು ನಾನು ಹಗುರಾಗಿ ಎಣಿಸುವುದಿಲ್ಲ. ಮನೆಯ ಟ್ರಂಕು ಉತ್ಖನನದ ಗುಳಿಯಲ್ಲ, ಅದರಲ್ಲಿ ಪದರಗಳಿಲ್ಲ, ಎಪ್ಪತ್ತು ವರ್ಷಗಳಲ್ಲಿ ಹತ್ತು ಕೈಗಳು ಅದನ್ನು ಕಲಕಿವೆ, ಮಕ್ಕಳು ಆಟಕ್ಕೆ ತೆಗೆದಿದ್ದಾರೆ, ನೆಂಟರು ಒಂದೆರಡು ಸೇರಿಸಿದ್ದಾರೆ, ಕಷ್ಟಕಾಲದಲ್ಲಿ ಬೆಳ್ಳಿಯದು ಮಾರಾಟವಾಗಿದೆ. ಕಲಕಿದ ನೀರಲ್ಲಿ ಏನು ಕಂಡೀತು? ಕಲಕಿದೆ ಎಂಬುದನ್ನು ಒಪ್ಪುತ್ತೇನೆ. ಆದರೂ ಕಲಕಿದ ಗಂಟಿಗೂ ಓದುವ ಕ್ರಮವಿದೆ, ನಾಣ್ಯಶಾಸ್ತ್ರದವರು ನಿಧಿಗಳನ್ನು ಓದುವುದು ಅದೇ ಕ್ರಮದಲ್ಲಿ. ಎಲ್ಲಕ್ಕಿಂತ ಈಚಿನ ನಾಣ್ಯ ಯಾವುದು ಎಂದು ನೋಡಬೇಕು, ಗಂಟು ಕೊನೆಯ ಸಲ ಕಟ್ಟಿದ್ದು ಅದಕ್ಕಿಂತ ಮೊದಲಲ್ಲ ಎಂಬುದು ಖಚಿತವಾಗುತ್ತದೆ. ಸವೆತ ನೋಡಬೇಕು. ಅಂಚು ಚೂಪಾಗಿ, ಅಕ್ಷರ ಎದ್ದು ನಿಂತಿದ್ದರೆ ಆ ನಾಣ್ಯ ಪೇಟೆಯಲ್ಲಿ ಹೆಚ್ಚು ಓಡಾಡಿಲ್ಲ, ಹೊಸತಿರುವಾಗಲೇ ಯಾರೋ ಜೇಬಿಗೆ ಹಾಕಿಕೊಂಡು ಬಂದದ್ದು; ಮುಖ ನುಣ್ಣಗಾಗಿದ್ದರೆ ಹಲವು ಕೈ ದಾಟಿ ಬಂದದ್ದು. ಒಂದೇ ದೇಶದ ಐದಾರು ಇಸವಿಯ ಚಿಲ್ಲರೆ ಇದ್ದರೆ ಅಲ್ಲಿ ವಾಸವಿದ್ದವರ ಗುರುತು; ಹಲವು ಬಂದರುಗಳ ಒಂದೊಂದೇ ನಾಣ್ಯವಿದ್ದರೆ ಹಡಗಿನಲ್ಲೋ ಪಲ್ಟನ್ನಿನಲ್ಲೋ ಹಾದುಹೋದವರ ಗುರುತು. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಮೊದಲ ಮಹಾಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ಟೀನ್ ದಾಟಿ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರ ಜೊತೆ ಕಾದಾಡಿತು. ಸಂಸ್ಥಾನದ ಯಾವುದಾದರೂ ಮನೆಯ ಗಂಟಿನಲ್ಲಿ ಈಜಿಪ್ಟಿನ ಬಿಲ್ಲೆಯೂ ತುರ್ಕಿ ಸುಲ್ತಾನನ ನಾಣ್ಯವೂ ಜೋಡಿಯಾಗಿ ಸಿಕ್ಕರೆ, ಮತ್ತು ಎರಡೂ 1918ಕ್ಕಿಂತ ಮುಂಚಿನವಾದರೆ, ಆ ಜೋಡಿಗೆ ಒಂದು ಅರ್ಥ ಬರುತ್ತದೆ. ಒಂದನ್ನು ಆಫ್ರಿಕಾದ ರಾಶಿಗೆ, ಇನ್ನೊಂದನ್ನು ಯುರೋಪಿನ ರಾಶಿಗೆ ಹಾಕಿದಿರೋ, ಅರ್ಥ ಹೋಯಿತು.

ಇನ್ನೊಂದು ಎಚ್ಚರವನ್ನೂ ಇಲ್ಲಿ ಸೇರಿಸಬೇಕು. ಟ್ರಂಕಿನಲ್ಲಿ ಉಳಿದಿರುವುದು ಉಳಿಕೆ ಮಾತ್ರ. 1940ರವರೆಗಿನ ನಮ್ಮ ರೂಪಾಯಿಯಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ ಇತ್ತು. ಆ ವರ್ಷ ಅದು ಅರ್ಧಕ್ಕೆ ಇಳಿಯಿತು. 1947ರಲ್ಲಿ ಬೆಳ್ಳಿ ಹೋಗಿ ನಿಕ್ಕಲ್ ಬಂತು. ರಾಣಿ ತಲೆಯ, ಐದನೇ ಜಾರ್ಜ್ ತಲೆಯ ರೂಪಾಯಿಯನ್ನು ನಮ್ಮ ಜನ ಎತ್ತಿಟ್ಟುಕೊಂಡರು. ನೀರೋಗಿಂತ ಹಿಂದಿನ ದಿನಾರಿಯಸ್ ಆರಿಸಿದ ಅದೇ ಕಣ್ಣು ಇಲ್ಲೂ ಕೆಲಸ ಮಾಡಿತು. ಹಾಗೆ ಎತ್ತಿಟ್ಟದ್ದು ಬರಗಾಲ, ಮದುವೆ, ಗಿರವಿಗೆ ಕರಗಿತು. ಚಿನ್ನದ ಪೌಂಡು ಸರವಾಯಿತು. ವೆನಿಸ್ ನಗರದ ಡ್ಯೂಕಾಟು ನಮ್ಮಲ್ಲಿ ಪುತ್ತಳಿಯಾಗಿ ಹೆಂಗಸರ ಕೊರಳಿಗೇರಿತು. ಒಂದು ಕಡೆ ಸಂತ ಮಾರ್ಕನ ಮುಂದೆ ಮಂಡಿಯೂರಿದ ವೆನಿಸಿನ ಒಡೆಯ, ಇನ್ನೊಂದು ಕಡೆ ಚುಕ್ಕಿಗಳ ನಡುವೆ ಏಸು. ಆ ರೂಪಗಳನ್ನು ಇಲ್ಲಿಯವರು ತಮ್ಮ ದೇವರೆಂದೇ ಬಗೆದು ಧರಿಸಿದರು. 1284ರಲ್ಲಿ ಹುಟ್ಟಿ 1797ರಲ್ಲಿ ವೆನಿಸ್ ಗಣರಾಜ್ಯದ ಜೊತೆಗೇ ಅಳಿದ ಆ ನಾಣ್ಯದ ಅಚ್ಚನ್ನು ನಮ್ಮ ಅಕ್ಕಸಾಲಿಗರು ಮುಂದುವರಿಸಿದರು. ಬೆಲೆಬಾಳುವ ಪರದೇಶದ ನಾಣ್ಯ ಹೀಗೆ ಒಡವೆಯಾಗಿ ರೂಪ ಬದಲಿಸಿತು. ಅಕ್ಕಸಾಲಿಗ ಬೇಡವೆಂದ ತಾಮ್ರ ನಿಕ್ಕಲ್ ಮಾತ್ರ ನಾಣ್ಯವಾಗಿಯೇ ಡಬ್ಬಿಯಲ್ಲಿ ಉಳಿಯಿತು. ಆದ್ದರಿಂದ ಡಬ್ಬಿಯನ್ನು ಓದುವವರು ಅದೇ ಮನೆಯ ಒಡವೆಯನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕು. ಎರಡೂ ಒಂದೇ ಗಂಟಿನ ಎರಡು ಹೋಳು.

ಗುರುತು ಹಿಡಿಯುವ ಕೆಲಸವೇ ಬೇಡವೆಂದು ನಾನು ಹೇಳುತ್ತಿಲ್ಲ. ಟೈಬೀರಿಯಸ್‌ನ ತಲೆಯನ್ನು ಗುರುತಿಸದಿದ್ದರೆ ಚಂದ್ರವಳ್ಳಿಯ ಪದರಕ್ಕೆ ಕಾಲವೇ ಇರುತ್ತಿರಲಿಲ್ಲ. ಕ್ರಮ ಮಾತ್ರ ತಿರುಗಬೇಕು: ದಾಖಲೆ ಮೊದಲು, ವಿಂಗಡಣೆ ಆಮೇಲೆ. ಗಂಟು ಬಿಚ್ಚುವ ಮುನ್ನವೇ ಒಂದು ಫೋಟೋ. ಯಾವ ಡಬ್ಬಿ, ಯಾವ ಬಟ್ಟೆ, ಅದರಡಿ ಮೇಲೆ ಏನಿತ್ತು. ನಾಣ್ಯಗಳು ಬಿದ್ದಂತೆಯೇ ಇನ್ನೊಂದು ಫೋಟೋ. ಪ್ರತಿಯೊಂದರ ಇಸವಿ, ಸವೆತ, ತೂತು, ಬೆಸೆದ ಕೊಂಡಿಯ ಗುರುತು. ಉಜ್ಜಿ ತೊಳೆಯಲೇಬಾರದು, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಕಿಲುಬಿನ ಜೊತೆ ಮೇಲ್ಮೈಯ ಸಾಕ್ಷ್ಯವೂ ಹೋಗುತ್ತದೆ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ನೆಲದಿಂದ ಸಿಕ್ಕದ್ದಾದರೆ ಮಾತೇ ಬೇರೆ, ಅದು ನಿಧಿ ಕಾಯ್ದೆಗೆ ಒಳಪಡುತ್ತದೆ, ಸರ್ಕಾರಕ್ಕೆ ತಿಳಿಸಲೇಬೇಕು. ‘ಮಾರಿದರೆ ಹತ್ತು ರೂಪಾಯಿ ಹುಟ್ಟದ ಚಿಲ್ಲರೆಗೆ ಇಷ್ಟೆಲ್ಲ ಬೇಕೆ’ ಎನ್ನುವವರಿದ್ದಾರೆ. ಪೇಟೆಯ ಬೆಲೆ ಅವರು ಹೇಳಿದಷ್ಟೇ ಇರಬಹುದು. ಧರ್ಮಪುರದಿಂದ ಯಾರು ಯಾವಾಗ ಎಲ್ಲಿಗೆ ಹೋದರೆಂಬ ಇತಿಹಾಸವನ್ನು ಮಾತ್ರ ಯಾರೂ ಪುಸ್ತಕವಾಗಿ ಬರೆದಿಟ್ಟಿಲ್ಲ. ಜನಗಣತಿ ತಲೆ ಎಣಿಸುತ್ತದೆ, ದಾರಿ ಹೇಳುವುದಿಲ್ಲ. ಇಂಥ ಡಬ್ಬಿಗಳನ್ನು ನಲವತ್ತೈವತ್ತು ಮನೆಗಳಲ್ಲಿ ಹೀಗೆ ಬರೆದುಕೊಂಡರೆ ಒಂದು ಹೋಬಳಿಯ ವಲಸೆಯ ಚಿತ್ರ ಕಣ್ಣಿಗೆ ಬಂದೀತು.

ಆ ಚಿತ್ರದಲ್ಲಿ ತಂದವರ ಪಕ್ಕದಲ್ಲಿ ಇಟ್ಟುಕೊಂಡವರಿಗೂ ಜಾಗ ಬೇಕು. ಪಲ್ಟನ್ನಿಗೆ, ಹಡಗಿಗೆ, ಕೊಲ್ಲಿಗೆ ಹೋದವರು ಬಹುಮಟ್ಟಿಗೆ ಗಂಡಸರು. ಅವರ ಹೆಸರು ಮಸ್ಟರಿನಲ್ಲೋ ಪಾಸ್‌ಪೋರ್ಟಿನಲ್ಲೋ ಎಲ್ಲಾದರೂ ಇದ್ದೀತು. ಗಂಟು ಕಟ್ಟಿ ಜೋಪಾನ ಮಾಡಿದ್ದು ಮಾತ್ರ ಹೆಚ್ಚಾಗಿ ತಾಯಿ, ಅಕ್ಕ, ಹೆಂಡತಿ. ಅಣ್ಣ ಕೊಟ್ಟದ್ದು, ಮಗ ತಂದದ್ದು, ಕೂಸಿನ ಉಡಿದಾರಕ್ಕೆಂದು ತೂತು ಕೊರೆಸಿದ್ದು, ಹಾಗೆ ಕೊರೆಸಿ ಆಮೇಲೆ ಬಿಚ್ಚಿಟ್ಟದ್ದು, ಇವುಗಳಲ್ಲಿ ಯಾವುದನ್ನು ಯಾವುದರ ಜೊತೆ ಗಂಟು ಹಾಕಬೇಕೆಂದು ತೀರ್ಮಾನಿಸಿದವಳು ಆಕೆ. ಆಕೆ ಸಮುದ್ರ ನೋಡಿರಲಿಕ್ಕಿಲ್ಲ. ಯಾವ ಸರ್ಕಾರಿ ದಾಖಲೆಯೂ ಆಕೆಯನ್ನು ಆ ನಾಣ್ಯಗಳ ಜೊತೆ ಹೆಸರಿಸುವುದಿಲ್ಲ. ಯಾವುದನ್ನು ಇಟ್ಟುಕೊಂಡಳು, ಯಾವುದನ್ನು ಕರಗಿಸಿದಳು, ಯಾವುದರ ಪಕ್ಕ ಯಾವುದನ್ನಿಟ್ಟಳು ಎಂಬುದು ಆ ಗಂಟಿನೊಳಗೆ ಮಾತ್ರ ಇದೆ, ಅದೂ ಯಾರಾದರೂ ಮೊರಕ್ಕೆ ಸುರಿಯುವವರೆಗೆ.